ಮೊಂಮಾರ್ತ್ರದಲ್ಲಿ ಹುಟ್ಟದ ವಾಲ್ಟ್ಸ್

ಜಾನ್-ಪಿಯೆರ್ ಜುನೆ ಅವರ ‘ಅಮೆಲಿ’ 2001ರ ಏಪ್ರಿಲ್‌ನಲ್ಲಿ ಫ್ರಾನ್ಸಿನಲ್ಲಿ ತೆರೆಕಂಡಾಗ ಅದರ ಸಂಗೀತದ ದೊಡ್ಡದೊಂದು ಪಾಲು ಹಳೆಯ ಸರಕಾಗಿತ್ತು. ಯಾನ್ ಟಿಯರ್ಸೆನ್ 1995, 1996 ಮತ್ತು 1998ರಲ್ಲಿ ಹೊರತಂದಿದ್ದ ಮೂರು ಆಲ್ಬಂಗಳಿಂದ ಹೆಕ್ಕಿದ ತುಣುಕುಗಳು ಅವು. ಕಾರಿನಲ್ಲಿ ಹೋಗುವಾಗ ಸಹಾಯಕರೊಬ್ಬರು ಹಾಕಿದ ಸಿಡಿ ಕಿವಿಗೆ ಬಿದ್ದು, ಆಮೇಲೆ ಟಿಯರ್ಸೆನ್ ಅವರ ಸಿಡಿಗಳನ್ನೆಲ್ಲ ಕೊಂಡು ತಂದೆ ಎಂದು ಜುನೆ ಹೇಳಿಕೊಂಡಿದ್ದಾರೆ. ಚಿತ್ರಕ್ಕೆಂದೇ ಬರೆದವೂ ಇವೆ: ‘ಅಮೆಲಿಯ ವಾಲ್ಟ್ಸ್’, ಮತ್ತು ಇವತ್ತು ಪಿಯಾನೊ ಕಲಿಯುವವರೆಲ್ಲ ಒಮ್ಮೆಯಾದರೂ ಕೈಯಾಡಿಸಿ ನೋಡುವ ‘ಕೊಂತೀನ್ ದನ್ ಓತ್ರ ಎತೆ’. ಆದರೆ ಮೊಂಮಾರ್ತ್ರದ ಕಲ್ಲುಹಾಸಿನ ಬೀದಿಗಳಿಂದಲೇ ಎದ್ದುಬಂದವು ಎಂದು ನೋಡುಗರು ನಂಬುವ ರಾಗಗಳಲ್ಲಿ ಕೆಲವು ಪ್ಯಾರಿಸ್ಸಿನಿಂದ ಬಲುದೂರದ ನಂಟಿನವು. ಟಿಯರ್ಸೆನ್ ಹುಟ್ಟಿದ್ದು ಬ್ರಿಟನಿಯ ಬಂದರು ಪಟ್ಟಣ ಬ್ರೆಸ್ಟ್‌ನಲ್ಲಿ, 1970ರಲ್ಲಿ. 1998ರ ಆಲ್ಬಮ್ಮಿನ ಹೆಸರು ‘ದೀಪಸ್ತಂಭ’; ಅದರ ಹಿಂದಿರುವುದು ಅಟ್ಲಾಂಟಿಕ್ ಅಂಚಿನ ವೆಸಾಂ ದ್ವೀಪದಲ್ಲಿ ಅವರು ಕಳೆದ ದಿನಗಳು. ಅದರಲ್ಲಿನ ಒಂದು ರಚನೆಯ ಹೆಸರು ‘ಜಗಳ’, ಇನ್ನೊಂದರದು ‘ನೀರಲ್ಲಿ ಮುಳುಗಿದವಳು’. ಎರಡೂ ‘ಅಮೆಲಿ’ಯಲ್ಲಿವೆ. ಜಗತ್ತಿನ ಅರ್ಧದಷ್ಟು ಜನ ಅವುಗಳನ್ನು ಕ್ರೆಮ್ ಬ್ರೂಲೆಯ ಸಕ್ಕರೆಪದರವನ್ನು ಚಮಚದಿಂದ ಒಡೆಯುವ ಹುಡುಗಿಯ ಜೊತೆ ನೆನೆಯುತ್ತಾರೆ.

ಇದನ್ನು ಬರೀ ಕುತೂಹಲದ ಸಂಗತಿ ಎಂದು ಬದಿಗಿಡುವಂತಿಲ್ಲ. ಹುಡುಗಾಟಿಕೆಯ ಚಿತ್ರಕ್ಕೆ ಹುಡುಗಾಟಿಕೆಯ ಸಂಗೀತ ಎಂಬ ಸರಳ ಲೆಕ್ಕ ಇಲ್ಲಿ ಕೂಡುವುದಿಲ್ಲ. ತುಂಟತನವೆಲ್ಲ ಚಿತ್ರದ್ದು; ಸಂಗೀತ ತನ್ನ ಪಾಡಿಗೆ, ಯಾರ ಮುಖವನ್ನೂ ನೋಡದೆ, ಅದೇ ನಾಲ್ಕು ಹೆಜ್ಜೆಯನ್ನು ಮತ್ತೆ ಮತ್ತೆ ಇಡುತ್ತಿರುತ್ತದೆ. ನಮ್ಮ ಗಂಟಲು ಕಟ್ಟುವುದು ಅದರ ಸಿಹಿಗಲ್ಲ, ಅದರ ನಿರ್ಲಿಪ್ತತೆಗೆ. ಫ್ರೆಂಚ್ ಸಿನಿಮಾದಲ್ಲಿ ಈ ನಿರ್ಲಿಪ್ತ ಆಟದ್ದೇ ಒಂದು ಪರಂಪರೆ ಇದೆ. ಟಿಯರ್ಸೆನ್ ಅದರ ಕೊನೆಯ ದೊಡ್ಡ ಹೆಸರು. ಅದನ್ನು ಅತಿ ಹೆಚ್ಚು ಕೆಡಿಸಿದ್ದೂ ಅವರ ಯಶಸ್ಸೇ.

‘ಕೊಂತೀನ್’ ಒಳಗೆ ನಡೆಯುವುದೇನು ಎಂದು ಸ್ವಲ್ಪ ಬಗ್ಗಿ ನೋಡಬೇಕು. ಎಡಗೈ ನಾಲ್ಕು ಸ್ವರಗುಚ್ಛಗಳನ್ನು ಬಿಡಿಸಿ ನುಡಿಸುತ್ತದೆ: ಇ ಮೈನರ್, ಜಿ ಮೇಜರ್, ಬಿ ಮೈನರ್, ಡಿ ಮೇಜರ್. ಮತ್ತೆ ಮೊದಲಿಗೆ. ರಚನೆ ಮುಗಿಯುವವರೆಗೆ ಎಡಗೈ ಮಾಡುವುದು ಇಷ್ಟೇ. ಪ್ರತಿ ಗುಚ್ಛದಲ್ಲಿ ಮೂರು ಸ್ವರ. ಮೊದಲನೆಯದರಿಂದ ಎರಡನೆಯದಕ್ಕೆ ಹೋಗುವಾಗ ಬದಲಾಗುವುದು ಒಂದೇ ಒಂದು ಸ್ವರ, ಉಳಿದೆರಡು ಇದ್ದಲ್ಲೇ ಇರುತ್ತವೆ. ಎರಡರಿಂದ ಮೂರಕ್ಕೂ ಹಾಗೇ, ಮೂರರಿಂದ ನಾಲ್ಕಕ್ಕೂ ಹಾಗೇ. ಬೆಂಚಿನ ಮೇಲೆ ಕೂತ ಮೂವರಲ್ಲಿ ಪ್ರತಿಸಲ ಒಬ್ಬರು ಸದ್ದಿಲ್ಲದೆ ಎದ್ದು ಹೋಗಿ ಇನ್ನೊಬ್ಬರು ಬಂದು ಕೂತಂತೆ. ಬದಲಾವಣೆ ನಡೆದದ್ದೇ ತಿಳಿಯುವುದಿಲ್ಲ. ನಾಲ್ಕರಿಂದ ಮೊದಲಿಗೆ ಮರಳುವಾಗ ಮಾತ್ರ ಮೂರೂ ಸ್ವರ ಒಟ್ಟಿಗೆ ಬದಲಾಗುತ್ತವೆ. ಡಿ ಮೇಜರ್‌ನಲ್ಲಿ ಒಂದು ಕ್ಷಣ ಬೆಳಕು ಬಿದ್ದಂತಿದ್ದದ್ದು, ಕೂಡಲೇ ಶುರುವಾದ ಮಬ್ಬಿಗೇ ವಾಪಸು. ಪ್ರತಿ ಸುತ್ತಿನಲ್ಲೂ ಈ ಸಣ್ಣ ಬೀಳು ತಪ್ಪುವುದಿಲ್ಲ. ಅದರ ಮೇಲೆ ಬಲಗೈ ಮೊದಲು ನಿಧಾನಕ್ಕೆ ಒಂದೊಂದೇ ಸ್ವರ ಇಡುತ್ತದೆ, ಆಮೇಲೆ ಓಡುತ್ತದೆ, ಮುಂದೆ ಅದನ್ನೇ ಮೇಲಿನ ಸ್ಥಾಯಿಯಲ್ಲಿ ಹೇಳುತ್ತದೆ. ಎಲ್ಲೂ ಶಿಖರವಿಲ್ಲ, ಬಿಡುಗಡೆಯಿಲ್ಲ. ತಂಬೂರಿಯ ಷಡ್ಜ ಅಲುಗದೆ ನಿಂತಿರುವ ಸಂಗೀತದಲ್ಲಿ ಬೆಳೆದ ನಮ್ಮ ಕಿವಿಗೆ ಇದು ಸ್ವಲ್ಪ ವಿಚಿತ್ರ. ರಾಗ ಹೆಚ್ಚುಕಡಿಮೆ ಅದೇ ಮಾತು ಹೇಳುತ್ತಿದ್ದರೂ ಕಾಲಡಿಯ ನೆಲ ನಾಲ್ಕು ಸಲ ಜರುಗಿರುತ್ತದೆ.

ಹೀಗೆ ಚಾವಿ ಕೊಟ್ಟು ಬಿಟ್ಟಂತೆ ಸುತ್ತುವ ಸಂಗೀತವನ್ನು ಫ್ರೆಂಚ್ ಸಿನಿಮಾಕ್ಕೆ ತಂದವರು ಎರಿಕ್ ಸಾತಿ. ಮೊಂಮಾರ್ತ್ರದ ಕ್ಯಾಬರೆಗಳಲ್ಲಿ ಹೊಟ್ಟೆಪಾಡಿಗೆ ಪಿಯಾನೊ ನುಡಿಸುತ್ತಿದ್ದ ಮನುಷ್ಯ. 1888ರ ಅವರ ಮೊದಲ ‘ಜಿಮ್ನೊಪೆದಿ’ಯ ಆರಂಭದಲ್ಲಿ ಎಡಗೈ ಎರಡೇ ಸ್ವರಗುಚ್ಛಗಳ ನಡುವೆ ತೂಗುತ್ತದೆ, ಮೂರರ ಲಯದಲ್ಲಿ. ಸ್ವರಲಿಪಿಯ ನಡುವೆ ವಾದಕರಿಗೆ ತಮಾಷೆಯ ಸೂಚನೆಗಳನ್ನು ಬರೆಯುವುದು ಅವರ ಚಟ. ಸಂಗೀತ ಮಾತ್ರ ಮುಖ ಸಡಿಲಿಸುವುದಿಲ್ಲ. 1924ರಲ್ಲಿ ರೆನೆ ಕ್ಲೇರ್ ಅವರ ‘ಆಂತ್ರಾಕ್ತ್’ ಎಂಬ ಕಿರುಚಿತ್ರಕ್ಕೆ ಸಾತಿ ದೃಶ್ಯಗಳ ಅಳತೆಗೆ ಸಂಗೀತ ಬರೆದರು. ಸಿನಿಮಾಕ್ಕೆಂದೇ ಹೀಗೆ ಅಳೆದು ಬರೆದ ಸಂಗೀತದ ತೀರ ಮೊದಲ ಮಾದರಿಗಳಲ್ಲಿ ಅದೊಂದು. ಅದರಲ್ಲಿ ಶವದ ಗಾಡಿಯನ್ನು ಎಳೆಯುವುದು ಒಂಟೆ. ಗಾಡಿ ತಪ್ಪಿಸಿಕೊಂಡು ಓಡುತ್ತದೆ, ಹಿಂದೆ ಗಂಭೀರ ಉಡುಪಿನ ಗಂಡಸರು ಹೆಂಗಸರು ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ಇಂಥ ದೃಶ್ಯಕ್ಕೆ ಬೇರೆ ಯಾರೇ ಆಗಿದ್ದರೂ ಸಂಗೀತವನ್ನೂ ನಗಿಸುತ್ತಿದ್ದರು. ಸಾತಿ ಚಿಕ್ಕ ಚಿಕ್ಕ ಪಟ್ಟಿಗಳನ್ನು ಬರೆದು ಅವನ್ನೇ ಮರುಕಳಿಸುತ್ತ ಹೋದರು. ತೆರೆಯ ಮೇಲಿನ ಹುಚ್ಚಾಟಕ್ಕೂ ಕೆಳಗಿನ ಈ ಗುಮಾಸ್ತಗಿರಿಗೂ ನಡುವೆ ಬಿಟ್ಟ ಜಾಗದಲ್ಲಿಯೇ ಮುಂದಿನ ಶತಮಾನದ ‘ಅಮೆಲಿ’ ಕೂತಿದೆ.

ಇನ್ನು ಅಕಾರ್ಡಿಯನ್. ಅದರ ಒಂದು ಸದ್ದು ಕೇಳಿದರೆ ಸಾಕು, ಯಾವ ದೇಶದವರಾದರೂ ‘ಪ್ಯಾರಿಸ್’ ಎನ್ನುತ್ತಾರೆ. ಆ ಸದ್ದಿನ ಗುಟ್ಟು ಶ್ರುತಿಯಲ್ಲಿದೆ. ಮ್ಯೂಸೆಟ್ ಶೈಲಿಯ ಅಕಾರ್ಡಿಯನ್ನಿನಲ್ಲಿ ಒಂದು ಗುಂಡಿ ಒತ್ತಿದರೆ ಎರಡು ಅಥವಾ ಮೂರು ರೀಡ್‌ಗಳು ಒಟ್ಟಿಗೆ ನುಡಿಯುತ್ತವೆ. ಅವನ್ನು ಬೇಕೆಂದೇ ಕೂದಲೆಳೆಯಷ್ಟು ಅಪಶ್ರುತಿಗೆ ಇಟ್ಟಿರುತ್ತಾರೆ. ಒಂದು ಸೆಕೆಂಡಿಗೆ 440 ಸಲ ಕಂಪಿಸಿದರೆ ಇನ್ನೊಂದು 444 ಸಲ. ಆಗ ಆ ನಾದ ಸೆಕೆಂಡಿಗೆ ನಾಲ್ಕು ಸಲ ಉಬ್ಬಿ ಇಳಿಯುತ್ತದೆ. ಅಳುವ ಗಂಟಲಿನ ನಡುಕ ಎಂದು ನಾವು ಕೇಳಿಸಿಕೊಳ್ಳುವುದು ಈ ಲೆಕ್ಕಾಚಾರವನ್ನು. (ನಮ್ಮ ಕಂಪನಿ ನಾಟಕಗಳ ಪೇಟಿಯ ಮೂಲವೂ 19ನೇ ಶತಮಾನದ ಪ್ಯಾರಿಸ್ಸೇ. ಅದರ ರೀಡಿಗೂ ಇದರ ರೀಡಿಗೂ ದಾಯಾದಿ ಸಂಬಂಧ.)

ಆದರೆ ಈ ‘ಅಪ್ಪಟ ಪ್ಯಾರಿಸ್’ ಸದ್ದನ್ನು ಕಟ್ಟಿದವರು ಪ್ಯಾರಿಸ್ಸಿನವರಲ್ಲ. ಮಧ್ಯ ಫ್ರಾನ್ಸಿನ ಗುಡ್ಡಗಾಡು ಓವೆರ್ನ್ಯಿನಿಂದ ಕೂಲಿ ಹುಡುಕಿಕೊಂಡು ಬಂದವರು ಬಾಸ್ತಿಲ್ ಬಳಿಯ ಲಾಪ್ ಬೀದಿಯಲ್ಲಿ ಕಲ್ಲಿದ್ದಲು, ಮದ್ಯ ಮಾರುತ್ತ, ಸಂಜೆ ತಮ್ಮ ಚರ್ಮದ ಚೀಲದ ವಾದ್ಯ ನುಡಿಸಿ ಕುಣಿಯುತ್ತಿದ್ದರು. ‘ಮ್ಯೂಸೆಟ್’ ಎಂಬುದು ಆ ಚೀಲವಾದ್ಯದ ಹೆಸರು. ಆಮೇಲೆ ಇಟಲಿಯ ವಲಸಿಗರು ಅಕಾರ್ಡಿಯನ್ ಹೊತ್ತು ಬಂದರು. ಎರಡು ಗುಂಪುಗಳಿಗೂ ಜಟಾಪಟಿ ನಡೆದು ಕೊನೆಗೆ ಅಕಾರ್ಡಿಯನ್ ಗೆದ್ದಿತು, ಹೆಸರು ಮಾತ್ರ ಚೀಲವಾದ್ಯದ್ದೇ ಉಳಿಯಿತು. ನಂತರ ಜಿಪ್ಸಿಗಳು ಸೇರಿದರು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಹುಡುಗನಾಗಿ ಮೊದಲು ದುಡಿದದ್ದು ಮ್ಯೂಸೆಟ್ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೊ ಸಾಥಿಯಾಗಿ.

ಈ ಚರಿತ್ರೆ ‘ಅಮೆಲಿ’ಯ ಸುತ್ತ ಎದ್ದ ಜಗಳಕ್ಕೆ ನೇರ ಸಂಬಂಧಪಟ್ಟದ್ದು. ಚಿತ್ರ ಬಿಡುಗಡೆಯಾದ ಮರುತಿಂಗಳೇ ವಿಮರ್ಶಕ ಸೆರ್ಜ್ ಕಗಾನ್ಸ್ಕಿ ‘ಲಿಬೆರಾಸಿಯೋಂ’ ಪತ್ರಿಕೆಯಲ್ಲಿ ಅದರ ಮೇಲೆ ಹರಿಹಾಯ್ದರು. ಜುನೆ ತೋರಿಸಿದ ಪ್ಯಾರಿಸ್ಸಿನಲ್ಲಿ ವಲಸಿಗರ ಮುಖಗಳೇ ಇಲ್ಲ, ಇದು ಬಲಪಂಥದ ಕನಸಿಗೆ ಒಪ್ಪುವ ಊರು ಎಂಬುದು ಅವರ ತಕರಾರು. ಚಿತ್ರೀಕರಣಕ್ಕೆ ಮೊದಲು ಗೋಡೆಬರಹ, ಕಸ ಎಲ್ಲವನ್ನೂ ತೊಳೆಸಿದ್ದು ನಿಜ. ಮೊರಾಕ್ಕೊ ಮೂಲದ ಜಮೆಲ್ ದೆಬ್ಬೂಸ್ ತರಕಾರಿ ಅಂಗಡಿಯ ಆಳಾಗಿ ಕಾಣಿಸಿಕೊಳ್ಳುತ್ತಾರೆ, ಆದರೆ ಪಾತ್ರದ ಹೆಸರು ಲೂಸಿಯಾಂ. ತಕರಾರಿನಲ್ಲಿ ಹುರುಳಿದೆ. ಕಣ್ಣಿಗೆ ಮಾತ್ರ. ಕಿವಿಗೆ ಬೀಳುವ ಪ್ಯಾರಿಸ್ ಕಗಾನ್ಸ್ಕಿ ಹುಡುಕುತ್ತಿದ್ದ ಊರೇ: ಇಟಲಿಯಿಂದ ಬಂದವರ ವಾದ್ಯ, ಗುಡ್ಡಗಾಡಿನವರ ಕುಣಿತ, ಬ್ರಿಟನಿಯವನ ಕೈ, ನಡುವೆ ಮೊಜಾಂಬಿಕ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರು ಮಾಡಿದ ಆಲ್ ಬೌಲಿಯ ಹಾಡು. ಜುನೆ ಚೌಕಟ್ಟಿನಿಂದ ಹೊರಗಿಟ್ಟವರು ಧ್ವನಿಪಥದಲ್ಲಿ ಕೂತಿದ್ದಾರೆ. ನಿರ್ದೇಶಕರ ಉದ್ದೇಶ ಇದಾಗಿತ್ತು ಎಂದು ನನಗೇನೂ ಅನ್ನಿಸುವುದಿಲ್ಲ. ಸಂಗೀತಕ್ಕೆ ತನ್ನದೇ ನೆನಪಿದೆ, ಅಷ್ಟೇ.

ಮೆಟ್ರೊ ನಿಲ್ದಾಣದ ದೃಶ್ಯವನ್ನು ಇಲ್ಲಿ ನೆನೆಯಬೇಕು. ಕುರುಡನೊಬ್ಬ ಗ್ರಾಮಫೋನ್ ಇಟ್ಟುಕೊಂಡು ಕೂತಿದ್ದಾನೆ. ತಿರುಗುತ್ತಿರುವುದು ಫ್ರೆಹೆಲ್ ಹಾಡಿದ ತಟ್ಟೆ. 1937ರ ‘ಪೆಪೆ ಲ ಮೊಕೊ’ ಚಿತ್ರದಲ್ಲಿ ಇದೇ ಫ್ರೆಹೆಲ್ ವಯಸ್ಸು ಮೀರಿದ ಗಾಯಕಿಯ ಪಾತ್ರದಲ್ಲಿ ತಾರುಣ್ಯದ ತನ್ನದೇ ಹಾಡನ್ನು ಗ್ರಾಮಫೋನಿನಲ್ಲಿ ಹಚ್ಚಿ, ಅದರ ಜೊತೆ ದನಿಗೂಡಿಸುತ್ತ ಕಣ್ಣೀರಿಡುತ್ತಾರೆ. ಜುನೆ ಫ್ರೆಹೆಲ್ ಅವರ ತಟ್ಟೆಯೊಂದನ್ನು ಅಮೆಲಿ ದಾಟಿಹೋಗುವ ದಾರಿಯಲ್ಲಿ ಇಟ್ಟದ್ದು ಜಾಣತನ. ಆ ಗರಗರ ಸದ್ದಿನ ದನಿಯ ಪಕ್ಕದಲ್ಲಿ ಟಿಯರ್ಸೆನ್ ಅವರ ಆಟಿಕೆ ಪಿಯಾನೊ, ಮೆಲೋಡಿಕ, ವೈಬ್ರಫೋನ್‌ಗಳೂ ಎಲ್ಲೋ ಅಟ್ಟದಲ್ಲಿ ಸಿಕ್ಕಿದ ಸಾಮಾನಿನ ಹಾಗೆ ಕೇಳಿಸತೊಡಗುತ್ತವೆ. ಹೆಚ್ಚಿನ ವಾದ್ಯಗಳನ್ನು ಒಬ್ಬರೇ ನುಡಿಸಿದ್ದರಿಂದ ಬಂದ ಒಂಟಿತನವೂ ಅದಕ್ಕೆ ಸೇರಿದೆ; ದೊಡ್ಡ ವಾದ್ಯವೃಂದ ಕೂತು ನುಡಿಸಿದ್ದರೆ ಅಮೆಲಿಯ ಕೋಣೆ ಅಷ್ಟು ಖಾಲಿ ಅನ್ನಿಸುತ್ತಿರಲಿಲ್ಲ.

ಫ್ರೆಂಚ್ ಚಿತ್ರಸಂಗೀತ ಎಂದ ಕೂಡಲೇ ಬರುವ ಬೇರೆ ಹೆಸರುಗಳು, ‘ಜ್ಯೂಲ್ ಎ ಜಿಮ್’ನ ಜಾರ್ಜ್ ದೆಲೆರು, ‘ಶೆರ್ಬೂರ್ಗಿನ ಕೊಡೆಗಳು’ ಚಿತ್ರದ ಮಿಶೆಲ್ ಲೆಗ್ರಾಂ, ಈ ಸಾಲಿಗೆ ಸೇರುವವರಲ್ಲ. ಇಬ್ಬರೂ ಟಿಯರ್ಸೆನ್‌ಗಿಂತ ದೊಡ್ಡ ಕುಶಲಿಗಳು. ಆದರೆ ಅವರ ಸಂಗೀತ ಬಾಯಿಬಿಟ್ಟು ಕೇಳುತ್ತದೆ: ನನ್ನ ಜೊತೆ ಅಳು. ನಾನು ಹೇಳುತ್ತಿರುವ ಕೊಂಬೆ ಬೇರೆ. ಅದರಲ್ಲಿ ನಿರ್ದೇಶಕ ಜಾಕ್ ತಾತಿ ಇದ್ದಾರೆ. 1958ರ ‘ಮೋನ್ ಓಂಕ್ಲ್’ ಚಿತ್ರದಲ್ಲಿ ಹಳೆಯ ಬಡಾವಣೆ ಬಂದಾಗ ಆ ಲಘುವಾದ, ಸುತ್ತಿ ಸುತ್ತಿ ಬರುವ ರಾಗ. ಹೊಸ ಕಾಲದ ಆರ್ಪೆಲ್ ಬಂಗಲೆಗೆ ಬಂದರೆ ಹಿಮ್ಮಡಿಯ ಟಕಟಕ, ಮೀನಿನ ಕಾರಂಜಿಯ ಗೊರಗೊರ. ರಾಗ ಯಾರ ಕಡೆ, ಸದ್ದು ಯಾರ ಕಡೆ ಎಂಬುದರಲ್ಲೇ ತಾತಿ ತಮ್ಮ ತೀರ್ಪನ್ನು ಹೇಳಿ ಮುಗಿಸಿಬಿಡುತ್ತಾರೆ, ಒಂದು ಮಾತಿನ ಸಹಾಯವಿಲ್ಲದೆ. 1981ರ ‘ದಿವಾ’ದಲ್ಲಿ ವ್ಲಾದಿಮಿರ್ ಕೊಸ್ಮಾ ಬರೆದ ಪಿಯಾನೊ ವಿಹಾರವೂ ಸಾತಿಯ ಮನೆಯದೇ. ಕೊಸ್ಮಾ ರುಮೇನಿಯಾದಿಂದ ಬಂದವರು ಎಂಬುದನ್ನು ಮೇಲಿನ ವಲಸಿಗರ ಪಟ್ಟಿಗೆ ಸೇರಿಸಿಕೊಳ್ಳಬಹುದು.

2002ರಲ್ಲಿ ‘ಅಮೆಲಿ’ ಸಂಗೀತಕ್ಕೆ ಸೆಸಾರ್ ಪ್ರಶಸ್ತಿ ಬಂತು. ಆಮೇಲಿನ ಕಥೆ ಅಷ್ಟು ಚೆನ್ನಾಗಿಲ್ಲ. ಬಿಸ್ಕತ್ತು, ಬ್ಯಾಂಕು, ವಿಮೆ, ಯಾವುದರ ಜಾಹೀರಾತಾದರೂ ಸರಿ, ಆಟಿಕೆ ಪಿಯಾನೊ, ಗಂಟೆಯ ಕಿಣಿಕಿಣಿ, ಮೂರರ ಲಯದ ಅಕಾರ್ಡಿಯನ್. ಈ ನಕಲುಗಳಲ್ಲಿ ವಾದ್ಯಗಳೆಲ್ಲ ಇವೆ, ಆ ಬೀಳು ಇಲ್ಲ. ಪ್ರತಿ ಸುತ್ತೂ ಮೇಜರ್‌ನಲ್ಲಿ ಮುಗಿದು ನಗುತ್ತದೆ. ಟಿಯರ್ಸೆನ್ ತಾನು ಚಿತ್ರಸಂಗೀತಗಾರನಲ್ಲ ಎಂದು ಪದೇ ಪದೇ ಹೇಳಿ ದೂರ ಸರಿದರು. 2003ರಲ್ಲಿ ‘ಗುಡ್ ಬೈ ಲೆನಿನ್’ಗೆ ಸಂಗೀತ ಕೊಟ್ಟಾಗ ಒಂದು ವಿಷಯ ಸ್ಪಷ್ಟವಾಯಿತು: ಅವರ ಶೈಲಿ ಅಳಿಸಿಹೋದ ಪೂರ್ವ ಬರ್ಲಿನ್ನಿಗೂ ಅಷ್ಟೇ ಸಲೀಸಾಗಿ ಹೊಂದುತ್ತದೆ. ಊರು ಯಾವುದಾದರೂ ಆದೀತು, ಅದು ಕೈಬಿಟ್ಟು ಹೋಗಿರಬೇಕು. ನಂತರ ಅವರು ವೆಸಾಂನಲ್ಲೇ ನೆಲೆಸಿ, 2016ರ ‘ಎವುಸಾ’ದಲ್ಲಿ ದ್ವೀಪದ ಒಂದೊಂದು ಜಾಗಕ್ಕೆ ಒಂದೊಂದು ಪಿಯಾನೊ ರಚನೆ ಬರೆದರು. ಒಳ್ಳೆಯ ಆಲ್ಬಂ, ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ. ತುಂಟತನದ ಚಿತ್ರ ಎದುರಿಗಿಲ್ಲದಾಗ ಈ ನಿರ್ಲಿಪ್ತತೆಗೆ ಆತು ನಿಲ್ಲಲು ಗೋಡೆಯಿಲ್ಲ.

ಇಷ್ಟೆಲ್ಲ ಮೆಚ್ಚಿದ ಮೇಲೂ ‘ಅಮೆಲಿ’ಯ ಸಂಗೀತದ ಬಗ್ಗೆ ನನಗೊಂದು ಅತೃಪ್ತಿ ಇದೆ. ಅದು ಗೊತ್ತಾಗುವುದು ಮೊರಿಸ್ ಜೋಬೆರ್ ಅವರನ್ನು ಕೇಳಿದಾಗ. 1933ರಲ್ಲಿ ಜಾನ್ ವಿಗೊ ಅವರ ‘ಜೀರೊ ದ ಕೊಂಡ್ವಿತ್’ಗೆ ಸಂಗೀತ ಕೊಟ್ಟವರು. ವಸತಿಶಾಲೆಯ ಹುಡುಗರು ರಾತ್ರಿ ದಿಂಬು ಹರಿದು ದಂಗೆ ಏಳುತ್ತಾರೆ. ಗರಿಗಳು ಹಿಮದಂತೆ ಉದುರುವಾಗ ಚಿತ್ರ ನಿಧಾನಗತಿಗೆ ಇಳಿದು ಮೆರವಣಿಗೆಯಾಗುತ್ತದೆ. ಆ ದೃಶ್ಯಕ್ಕೆ ಜೋಬೆರ್ ಒಂದು ರಾಗ ಬರೆದರು, ಅದನ್ನು ಕೊನೆಯಿಂದ ಮೊದಲಿಗೆ ತಿರುಗಿಸಿ ಬರೆಸಿ ವಾದಕರಿಂದ ನುಡಿಸಿದರು, ಆ ಧ್ವನಿಮುದ್ರಣವನ್ನು ಮತ್ತೆ ಹಿಂದುಮುಂದಾಗಿ ಓಡಿಸಿದರು. ಹಾಗಾಗಿ ರಾಗ ಸರಿದಿಕ್ಕಿಗೇ ಸಾಗುತ್ತದೆ, ಆದರೆ ಒಂದೊಂದು ಸ್ವರವೂ ಬಾಲದಿಂದ ಹುಟ್ಟಿ ತಲೆಯಲ್ಲಿ ಮುಗಿಯುತ್ತದೆ. ನಾದ ಎಲ್ಲಿಂದಲೋ ಊದಿಕೊಂಡು ಬಂದು ಥಟ್ಟನೆ ಕಡಿದುಹೋಗುತ್ತದೆ. ಇದೂ ಮಕ್ಕಳಾಟವೇ, ಇದೂ ಯಂತ್ರದ ಚಮತ್ಕಾರವೇ. ಆದರೆ ಆ ಚಿತ್ರವನ್ನು ಸರ್ಕಾರ ಎರಡನೆಯ ಮಹಾಯುದ್ಧ ಮುಗಿಯುವ ತನಕ ನಿಷೇಧಿಸಿತು. ಜೋಬೆರ್ 1940ರಲ್ಲಿ ಯುದ್ಧಭೂಮಿಯಲ್ಲಿ ಸತ್ತರು. ಅವರ ಹಳೆಯ ರಚನೆಗಳನ್ನು ನಿರ್ದೇಶಕ ತ್ರೂಫೋ 1975ರಿಂದ ಒಂದರ ಹಿಂದೊಂದು ನಾಲ್ಕು ಚಿತ್ರಗಳಿಗೆ ಬಳಸಿಕೊಂಡರು. ಜುನೆಗಿಂತ ಎಷ್ಟೋ ಮೊದಲೇ, ಇದ್ದ ಸಂಗೀತಕ್ಕೆ ಚಿತ್ರ ಹೊಂದಿಸಿದ ಕೆಲಸ.

ಎರಡೂ ಚಿತ್ರಗಳಲ್ಲಿ ಮಕ್ಕಳು ಛಾವಣಿ ಹತ್ತುತ್ತಾರೆ. ವಿಗೊ ಅವರ ಹುಡುಗರು ಹತ್ತುವುದು ಶಾಲೆಯ ಉತ್ಸವಕ್ಕೆ ಬಂದು ಕೂತ ಗಣ್ಯರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯಲು, ನಾಲ್ವರು ಒಟ್ಟಾಗಿ. ಪುಟ್ಟ ಅಮೆಲಿ ಒಬ್ಬಳೇ ಹತ್ತುತ್ತಾಳೆ, ತನಗೆ ಸುಳ್ಳು ಹೇಳಿ ಹೆದರಿಸಿದ ನೆರೆಮನೆಯವನ ಟಿ.ವಿ. ಆಂಟೆನಾ ತಂತಿಯನ್ನು ಫುಟ್‌ಬಾಲ್ ಗೋಲು ಬೀಳುವ ಕ್ಷಣಕ್ಕೆ ಸರಿಯಾಗಿ ಕೀಳಲು. ಜೋಬೆರ್ ಅವರ ಸಂಗೀತಕ್ಕೆ ಮೊದಲನೆಯ ಛಾವಣಿ ಒಗ್ಗುತ್ತದೆ. ಟಿಯರ್ಸೆನ್ ಅವರ ನಾಲ್ಕು ಸ್ವರಗುಚ್ಛಗಳು ಎರಡನೆಯದಕ್ಕಷ್ಟೇ ಸಾಲುತ್ತವೆ. ಅಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.