ಶ್ರೀಮತಿಯ ಚಿತ್ರಪಟವೂ ಸಂಮೋಹನದ ಸ್ಮೃತಿಯೂ

ಕಳೆದ ವರ್ಷ ಚಳ್ಳಕೆರೆಯ ಗೋಷ್ಠಿಯೊಂದರಲ್ಲಿ ಪಂಪನ ಆದಿಪುರಾಣವನ್ನು ಕುರಿತು ಮಾತನಾಡಿದ ತರುಣ ಅಧ್ಯಾಪಕರೊಬ್ಬರು, ಶ್ರೀಮತಿಗುಂಟಾದ ಜಾತಿಸ್ಮರಣೆಯೂ ಇಂದಿನ ಕೆಲವು ಚಿಕಿತ್ಸಕರು ಸಂಮೋಹನನಿದ್ರೆಯಲ್ಲಿ ರೋಗಿಯಿಂದ ನುಡಿಸುವ ಪೂರ್ವಸ್ಮರಣೆಯೂ ಒಂದೇ ಎಂದು ಪ್ರತಿಪಾದಿಸಿದರು. ಸಭೆ ಮೆಚ್ಚಿತು. ತಳುಕಿನ ಟಿ. ಎಸ್. ವೆಂಕಣ್ಣಯ್ಯನವರು (1885–1939) ಹುಟ್ಟಿದ ಸೀಮೆಯಲ್ಲಿ ಪಂಪನನ್ನು ಇಷ್ಟು ಅವಸರದಿಂದ ಓದಬಾರದಾಗಿತ್ತು. ಈ ಮತವು ಕಾವ್ಯಕ್ಕೂ ಸಲ್ಲದು, ಚಿಕಿತ್ಸೆಗೂ ಸಲ್ಲದು.

ಕಥೆಯು ವಾಚಕರಿಗೆ ವಿದಿತವೇ. ಯಶೋಧರಗುರುವಿಗೆ ಕೇವಲಜ್ಞಾನವುಂಟಾದಾಗ ದೇವತೆಗಳ ಸಂಭ್ರಮದಿಂದ ಎಚ್ಚತ್ತ ಶ್ರೀಮತಿಯು ಮೂರ್ಛೆಹೋಗುವಳು. ತಿಳಿದೆದ್ದಾಗ ತಾನು ಸ್ವಯಂಪ್ರಭೆಯಾಗಿದ್ದುದೂ ಲಲಿತಾಂಗನೂ ನೆನಪಾಗುವುದು. ಇಲ್ಲಿ ಪ್ರಶ್ನಿಸಿದವರಿಲ್ಲ, ನುಡಿಸಿದವರಿಲ್ಲ. ಬಳಿಕ ಆಕೆ ಆ ಜನ್ಮದ ವೃತ್ತಾಂತವನ್ನು ಪಟದಲ್ಲಿ ಬರೆದು, ಪಂಡಿತೆಯೆಂಬ ದಾದಿಯ ಕೈಯಲ್ಲಿ ಜಿನಾಲಯಕ್ಕೆ ಕಳುಹುವಳು. ಪಂಪನಿಗೆ ಆಕರವಾದ ಜಿನಸೇನರ ಪೂರ್ವಪುರಾಣದಲ್ಲಿ ಈ ಪಟಕ್ಕೆ ಗೂಢಾರ್ಥಗಳುಂಟು. ತಾವೇ ಆಕೆಯ ಹಿಂದಿನ ಪತಿಯೆಂದು ನಟಿಸಿ ಬಂದ ಕಪಟಿಗಳನ್ನು ದಾದಿಯು ಆ ಗೂಢಗಳನ್ನು ಕೇಳಿಯೇ ನಾಚಿಸುವಳು. ವಜ್ರಜಂಘನಿಗೆ ಮಾತ್ರ ಅವು ತಿಳಿದುವು. ಕವಿಗೆ ಜಾತಿಸ್ಮರಣೆಯಲ್ಲಿ ಪೂರ್ಣ ಶ್ರದ್ಧೆಯಿದ್ದಿತು. ಆದರೂ ಮೂರ್ಛೆಯನ್ನೇ ಪ್ರಮಾಣವೆಂದು ಆತನು ಒಪ್ಪಲಿಲ್ಲ. ಮೂರ್ಛೆಯನ್ನು ನಟಿಸಬಹುದು, ಗೂಢವನ್ನು ನಟಿಸಲಾಗದು.

ತರ್ಕಸಂಗ್ರಹವನ್ನೋದಿದ ಬಾಲಕನೂ ಸ್ಮೃತಿಯು ಯಥಾರ್ಥವೆಂದೂ ಅಯಥಾರ್ಥವೆಂದೂ ಎರಡು ಬಗೆಯೆಂಬುದನ್ನು ಬಲ್ಲನು. ಸಂಮೋಹನವು ಈ ಎರಡನ್ನು ಬೇರ್ಪಡಿಸುವುದಿಲ್ಲ, ಬೆರಸುತ್ತದೆ. ಅದರಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 1845ರಲ್ಲಿಯೇ ವಂಗದೇಶದ ಹೂಗ್ಲಿಯಲ್ಲಿ ವೈದ್ಯ ಎಸ್ಡೇಲನು ಅಂಥ ನಿದ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡತೊಡಗಿದನು. ನೋವನ್ನು ತಗ್ಗಿಸುವುದು ಬೇರೆ, ನಡೆದುದನ್ನು ತಿಳಿಸುವುದು ಬೇರೆ. ಸಂಮೋಹನದಲ್ಲಿ ಹೊರಬಂದ ನೆನಪುಗಳಲ್ಲಿ ಕಲ್ಪಿತಾಂಶವು ಸೇರಬಹುದೆಂದೂ ಅವು ಸಾಮಾನ್ಯ ನೆನಪಿಗಿಂತ ಹೆಚ್ಚು ನಂಬತಕ್ಕವಲ್ಲವೆಂದೂ ಅಮೆರಿಕದ ವೈದ್ಯಸಂಘದ ಸಮಿತಿಯು 1985ರಲ್ಲಿ ತಿಳಿಸಿತು. 1995ರಲ್ಲಿ ಪ್ರಕಟವಾದ ಎಲಿಜಬೆತ್ ಲಾಫ್ಟಸ್ ಅವರ ಪರೀಕ್ಷೆಯಲ್ಲಂತೂ ನಿದ್ರೆಯೂ ಬೇಕಾಗಲಿಲ್ಲ: ಬಾಲ್ಯದಲ್ಲಿ ಅಂಗಡಿಸಾಲಿನಲ್ಲಿ ಕಳೆದುಹೋಗಿದ್ದೆಯೆಂಬ ಹುಸಿಮಾತನ್ನು 24 ಮಂದಿಯಲ್ಲಿ ಸುಮಾರು ಕಾಲುಪಾಲು ಜನ ತಮ್ಮ ನೆನಪೆಂದೇ ಅಲ್ಪಸ್ವಲ್ಪವಾದರೂ ಒಪ್ಪಿದರು.

ಗೋಷ್ಠಿಯ ಮರುದಿನ ನಾವು ಕೆಲವರು ಮೊಳಕಾಲ್ಮೂರು ತಾಲ್ಲೂಕಿನ ಅಶೋಕಶಾಸನಗಳನ್ನು ನೋಡಲು ಹೋದೆವು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿರುವ ಈ ಮೂರು ಪ್ರತಿಗಳನ್ನು ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದರು. ಜಟಿಂಗರಾಮೇಶ್ವರದ ಬಂಡೆ ಬಹಳ ಸವೆದಿದೆ. ಅಲ್ಲಿ ಅಳಿದ ಅಕ್ಷರಗಳನ್ನು ವಿದ್ವಾಂಸರು ಉಳಿದೆರಡು ಪ್ರತಿಗಳನ್ನಿಟ್ಟುಕೊಂಡು ಓದುವರು. ಪ್ರತಿ ದೊರೆಯದೆಡೆ ತ್ರುಟಿತವೆಂದು ಬಿಡುವರು. ಹಾಗೆ ಬಿಡಲು ಮನಸ್ಸು ಬರುವುದು ಕಷ್ಟ. ಗ್ರಂಥಸಂಪಾದನೆ ಮಾಡಿದವರೆಲ್ಲರೂ ಬಲ್ಲರು. ಸಂಮೋಹಕನ ಮುಂದಿರುವುದಾದರೋ ಒಂದೇ ಪ್ರತಿ, ಅದೂ ಆತನು ಕೇಳಿದಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಪ್ರತಿ.

ಇದು ಬರಿಯ ಶಾಸ್ತ್ರಚರ್ಚೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಮಿತ್ರರೊಬ್ಬರ ಕಿರಿಯ ಸೊಸೆಗೆ ನಿದ್ರೆ ಬಾರದಿರಲು, ಪಟ್ಟಣದ ಸಂಮೋಹಕರೊಬ್ಬರ ಬಳಿಗೆ ಕರೆದೊಯ್ದರು. ಹಿಂದಿನ ಜನ್ಮದಲ್ಲಿ ತನ್ನನ್ನು ಬಾವಿಗೆ ತಳ್ಳಿದವಳು ಈ ಜನ್ಮದಲ್ಲಿ ತನ್ನ ಹಿರಿಯ ಓರಗಿತ್ತಿಯಾಗಿರುವಳೆಂದು ಆಕೆ ಅಲ್ಲಿ ನುಡಿದಳಂತೆ. ನಿದ್ರೆಯೇನೋ ಬಂದಿತು. ಆದರೆ ಆ ಹಿರಿಯಾಕೆಯ ಕೈಯಡಿಗೆಯನ್ನು ಈಕೆ ಅಂದಿನಿಂದ ಮುಟ್ಟುವುದಿಲ್ಲ. ಮನೆಯಲ್ಲೀಗ ಒಲೆ ಎರಡಾಗಿವೆ. ಯಾವ ಊರು, ಯಾವ ಬಾವಿ ಎಂದು ಆ ಸಂಮೋಹಕರು ಕೇಳಿದರೇ ಎಂದು ವಿಚಾರಿಸಿದೆನು. ಕೇಳಿರಲಿಲ್ಲ.