ಕತ್ತಲೆಕೋಣೆಯ ಕಾಲಮಾನ: ಆನ್ಸೆಲ್ ಆಡಮ್ಸನ ‘ದಿ ಪ್ರಿಂಟ್’ ಗ್ರಂಥದ ವಿಮರ್ಶೆ

ಕೈಕೆಲಸವನ್ನು ಬೋಧಿಸುವ ಗ್ರಂಥಗಳನ್ನು ಸಾಹಿತ್ಯವಿಮರ್ಶೆಯ ಪರಿಧಿಗೆ ತರುವುದು ವಾಡಿಕೆಯಲ್ಲ. ಆದರೂ ಶಾಸ್ತ್ರಗ್ರಂಥಕ್ಕೂ ಒಂದು ಶೈಲಿಯುಂಟು. ಅದರ ಉಪಮೆಯು ಅದರ ವಿಧಿಯೊಡನೆ ಹೊಂದುವುದೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದು ವಿಮರ್ಶೆಯ ಕಾರ್ಯವೇ ಸರಿ. ಅಮೆರಿಕದ ಛಾಯಾಗ್ರಾಹಕನಾದ ಆನ್ಸೆಲ್ ಆಡಮ್ಸನ (1902–1984) ‘ದಿ ಪ್ರಿಂಟ್’ ಇಂತಹ ಪರೀಕ್ಷೆಗೆ ಅರ್ಹವಾದ ಗ್ರಂಥ. ಇದರ ಮೊದಲ ರೂಪವು 1950ರಲ್ಲಿ ಹೊರಬಿದ್ದಿತು. ರಾಬರ್ಟ್ ಬೇಕರನ ಸಹಕಾರದಿಂದ ಹೊಸದಾಗಿ ರಚಿಸಿದ ರೂಪವು ‘ದಿ ಕ್ಯಾಮೆರಾ’ (1980), ‘ದಿ ನೆಗೆಟಿವ್’ (1981) ಎಂಬ ಗ್ರಂಥಗಳ ಬಳಿಕ 1983ರಲ್ಲಿ ಪ್ರಕಟವಾಯಿತು.

ಆಡಮ್ಸನ ಪ್ರಸಿದ್ಧವಾದ ಉಪಮೆಯೊಂದುಂಟು. ನೆಗೆಟಿವ್ ಎಂಬುದು ಸಂಗೀತದ ಸ್ವರಲಿಪಿಯಿದ್ದಂತೆ, ಅದರಿಂದ ತೆಗೆದ ಮುದ್ರಣವು ವಾದನವಿದ್ದಂತೆ ಎಂಬುದೇ ಅದರ ತಾತ್ಪರ್ಯ. ಮೊದಲು ಪಿಯಾನೊ ವಾದನದಲ್ಲಿ ಪರಿಶ್ರಮ ಪಡೆದು, ಅನಂತರ ಛಾಯಾಗ್ರಹಣಕ್ಕೆ ತಿರುಗಿದವನ ಬಾಯಲ್ಲಿ ಇದು ಅಲಂಕಾರಮಾತ್ರವಾದ ಮಾತಲ್ಲ. ಕತ್ತಲೆಕೋಣೆಯಲ್ಲಿ ಎನ್‌ಲಾರ್ಜರಿನ ದೀಪವು ನೆಗೆಟಿವಿನ ಮೂಲಕ ಕಾಗದದ ಮೇಲೆ ಬೀಳುವ ಕಾಲವೇ ಚಿತ್ರದ ಕಪ್ಪು ಬಿಳುಪುಗಳನ್ನು ನಿರ್ಣಯಿಸತಕ್ಕದ್ದು. ಒಂದು ಭಾಗಕ್ಕೆ ಬೆಳಕನ್ನು ತಡೆದು, ಮತ್ತೊಂದಕ್ಕೆ ಹೆಚ್ಚಾಗಿ ಉಣಿಸಿ, ಮುದ್ರಕನು ಅದೇ ಲಿಪಿಯಿಂದ ಬೇರೆ ಬೇರೆ ಭಾವಗಳನ್ನು ಹೊರಡಿಸುತ್ತಾನೆ. 1941ರಲ್ಲಿ ತೆಗೆದ ‘ಮೂನ್‌ರೈಸ್, ಹೆರ್ನಾಂಡೆಸ್’ ಚಿತ್ರದ ಆಕಾಶವು ಆಡಮ್ಸನ ನಂತರದ ಮುದ್ರಣಗಳಲ್ಲಿ ಹೆಚ್ಚು ಹೆಚ್ಚು ಕಪ್ಪಾಗುತ್ತ ಬಂದುದು ಇದಕ್ಕೆ ನಿದರ್ಶನ.

ಉಪಮೆಯು ಉಜ್ಜ್ವಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗ್ರಂಥಕರ್ತನು ಅದನ್ನು ಕಡೆಯವರೆಗೆ ಅನುಸರಿಸಿದನೆ ಎಂಬುದು ಪ್ರಶ್ನೆ. ಸ್ವರಲಿಪಿಯಲ್ಲಿ ಕಾಲವನ್ನು ಸೆಕೆಂಡುಗಳಲ್ಲಿ ಬರೆಯುವುದಿಲ್ಲ. ಪೂರ್ಣಸ್ವರ, ಅದರ ಅರ್ಧ, ಅದರ ಕಾಲು ಎಂದು ಪರಸ್ಪರ ಪ್ರಮಾಣಗಳನ್ನೇ ಬರೆಯುತ್ತಾರೆ. ಕನ್ನಡ ಛಂದಸ್ಸಿನ ಕ್ರಮವೂ ಇದೇ: ಲಘುವಿಗೆ 1 ಮಾತ್ರೆ, ಗುರುವಿಗೆ 2. ಷಟ್ಪದಿಯನ್ನು ವಿಳಂಬವಾಗಿ ಓದಲಿ, ದ್ರುತವಾಗಿ ಓದಲಿ, ವೃತ್ತವು ಕೆಡುವುದಿಲ್ಲ; ಏಕೆಂದರೆ ಅದರ ಜೀವವಿರುವುದು ಪ್ರಮಾಣದಲ್ಲಿ.

ಆಡಮ್ಸನಿಗೆ ಈ ತತ್ತ್ವವು ಅಪರಿಚಿತವಲ್ಲ. ಫ್ರೆಡ್ ಆರ್ಚರನೊಡನೆ ಅವನು ರೂಪಿಸಿದ ಜೋನ್ ಪದ್ಧತಿಯಲ್ಲಿ ಒಂದು ಜೋನಿನಿಂದ ಮುಂದಿನದಕ್ಕೆ ಬೆಳಕು ಇಮ್ಮಡಿಯಾಗುತ್ತದೆ. ಹೀಗೆ ಇಮ್ಮಡಿಯಾಗುವ ಒಂದು ಹೆಜ್ಜೆಗೆ ಛಾಯಾಗ್ರಾಹಕರು ‘ಸ್ಟಾಪ್’ ಎನ್ನುವರು. ಆದರೆ ಮುದ್ರಣದ ಕಾಲವನ್ನು ಎಣಿಸುವಾಗ ಅದೇ ಗ್ರಂಥಕರ್ತನು ಸೆಕೆಂಡಿಗೊಂದು ಸಲ ಬಡಿಯುವ ಮೆಟ್ರೊನೋಮಿಗೆ ಕಿವಿಗೊಡುತ್ತಾನೆ. ಗಡಿಯಾರದ ಮುಖವನ್ನು ನೋಡಬೇಕಿಲ್ಲವಾದುದರಿಂದ ಕಣ್ಣು ಚಿತ್ರದ ಮೇಲೆಯೇ ನಿಲ್ಲುತ್ತದೆ. ಈ ಗುಣವು ದೊಡ್ಡದು. ಯಂತ್ರಗಳಲ್ಲಿ ಅವನಿಗೆ ಅನಾದರವಿದ್ದುದರಿಂದ ಹೀಗೆ ಮಾಡಿದನೆನ್ನುವಂತೆಯೂ ಇಲ್ಲ: ದೊಡ್ಡ ನೆಗೆಟಿವುಗಳಿಗಾಗಿ ಅವನು ಬಳಸುತ್ತಿದ್ದ ಎನ್‌ಲಾರ್ಜರಿನಲ್ಲಿ ಬೇರೆ ಬೇರೆ ಸ್ವಿಚ್ಚುಗಳುಳ್ಳ 36 ದೀಪಗಳಿದ್ದವು. ಆದರೂ ಸಮಾನಾಂತರದ ಬಡಿತಗಳು ಕಣ್ಣಿಗೆ ಸಮಾನವಾದ ಹೆಜ್ಜೆಗಳಲ್ಲ. 5, 10, 15, 20, 25, 30 ಸೆಕೆಂಡುಗಳ ಪರೀಕ್ಷಾಪಟ್ಟಿಯೊಂದನ್ನು ಮಾಡಿದರೆ ಮೊದಲ ಹೆಜ್ಜೆಯು ಪೂರ್ಣ ಒಂದು ಸ್ಟಾಪಿನಷ್ಟಾಗುತ್ತದೆ; ಕಡೆಯದು ಹೆಚ್ಚುಕಡಮೆ ಕಾಲು ಸ್ಟಾಪಿನಷ್ಟೇ.

ಇದರಿಂದ ಒದಗುವ ಹಾನಿಯು ಪಾಠಪರಂಪರೆಯದು. ಒಂದು ಮುದ್ರಣಕ್ಕೆ 16 ಸೆಕೆಂಡು, ಅದರ ಆಕಾಶಕ್ಕೆ ಮತ್ತೆ 16 ಎಂದು ಬರೆದಿಟ್ಟಿದೆ ಎನ್ನೋಣ. ಚಿತ್ರವನ್ನು ಹಿರಿದುಮಾಡಲು ಮೂಲಕಾಲವು 40 ಸೆಕೆಂಡಿಗೆ ಏರಿತು. ಟಿಪ್ಪಣಿಯಂತೆ ಆಕಾಶಕ್ಕೆ 16 ಸೆಕೆಂಡನ್ನೇ ಕೂಡಿಸಿದರೆ ಒಟ್ಟು 56. ಪ್ರಮಾಣವು 2ರಿಂದ 1.4ಕ್ಕೆ ಇಳಿದು, ಒಂದು ಸ್ಟಾಪು ಅರ್ಧ ಸ್ಟಾಪಾಗುತ್ತದೆ. ಅಕ್ಷರವು ಉಳಿಯಿತು, ಅರ್ಥವು ಕೆಟ್ಟಿತು. ‘ಆಕಾಶಕ್ಕೆ ಒಂದು ಸ್ಟಾಪು’ ಎಂದು ಬರೆದಿದ್ದರೆ ದೀಪ, ಕಾಗದ, ಅಳತೆ ಯಾವುದು ಬದಲಾದರೂ ಮತ್ತೊಬ್ಬ ಮುದ್ರಕನಿಗೆ ಆಶಯವು ಬಹುಮಟ್ಟಿಗೆ ತಿಳಿಯುತ್ತಿತ್ತು. ರಾಲ್ಫ್ ಲ್ಯಾಂಬ್ರೆಕ್ಟ್ ಮತ್ತು ಕ್ರಿಸ್ ವುಡ್‌ಹೌಸ್ ಇವರ ‘ವೇ ಬಿಯಾಂಡ್ ಮಾನೋಕ್ರೋಮ್’ (2003) ಗ್ರಂಥವು ಈ ಪ್ರಮಾಣಕ್ರಮವನ್ನೇ ಪ್ರತಿಪಾದಿಸುತ್ತದೆ. ಭಾವಸಂಪತ್ತಿಯಲ್ಲಿ ಅದು ಆಡಮ್ಸನ ಕೃತಿಗೆ ಸಾಟಿಯಲ್ಲ; ಆದರೆ ಆಡಮ್ಸನ ಉಪಮೆಗೆ ಅವನಿಗಿಂತ ಅದೇ ಹೆಚ್ಚು ನಿಷ್ಠವಾಗಿದೆ.

ಕತ್ತಲೆಕೋಣೆಯ ವಿದ್ಯುದುಪಕರಣವನ್ನು ತಾನೇ ಕಟ್ಟಿ ದುರಸ್ತುಮಾಡುವವನ ಅನುಭವವೂ ಈ ತೀರ್ಮಾನವನ್ನೇ ಪೋಷಿಸುತ್ತದೆ. ಹಾನ್ಸ್ ಕ್ಯಾಮೆನ್‌ಜಿಂಡನು 1971ರಲ್ಲಿ ರಚಿಸಿದ 555 ಎಂಬ ಚಿಪ್ಪು ಇಂತಹ ಕಾಲಮಾಪಕಗಳಲ್ಲಿ ಪರಿಚಿತವಾದುದು. ಅದರಲ್ಲಿ ಕಾಲವು ರೋಧಕದ ಬೆಲೆ ಮತ್ತು ಕೆಪ್ಯಾಸಿಟರಿನ ಬೆಲೆಗಳ ಗುಣಲಬ್ಧದ 1.1ರಷ್ಟು, 1 ಮೆಗಓಮಿಗೆ 10 ಮೈಕ್ರೊಫ್ಯಾರಡ್ ಕೂಡಿಸಿದರೆ 11 ಸೆಕೆಂಡು. ರೋಧಕಗಳನ್ನು ಒಂದಕ್ಕಿಂತ ಮುಂದಿನದು 1.26ರಷ್ಟಿರುವಂತೆ ಆರಿಸಿ, ತಿರುಗುವ ಸ್ವಿಚ್ಚಿಗೆ ಜೋಡಿಸಿದರೆ 8, 10.1, 12.7, 16 ಎಂದು ಸ್ಟಾಪಿನ ಮೂರನೆಯ ಒಂದು ಭಾಗದ ಹೆಜ್ಜೆಗಳು ದೊರೆಯುತ್ತವೆ. ವರ್ಷಗಳು ಕಳೆದಂತೆ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರು ಒಣಗಿ ಅದರ ಬೆಲೆಯು ಐದರಲ್ಲಿ ಒಂದು ಭಾಗ ಕುಗ್ಗಿತೆನ್ನೋಣ. ಆಗ 8 ಸೆಕೆಂಡಿನ ಸ್ಥಾನವು 6.4 ಸೆಕೆಂಡನ್ನೂ, 32ರದು 25.6 ಸೆಕೆಂಡನ್ನೂ ಕೊಡುತ್ತದೆ. ಸೆಕೆಂಡುಗಳೆಲ್ಲ ಸುಳ್ಳಾದುವು, ಪ್ರಮಾಣವು ಮಾತ್ರ ನಾಲ್ಮಡಿಯಾಗಿಯೇ ನಿಂತಿತು. ಸ್ಟಾಪುಗಳಲ್ಲಿ ಬರೆದ ಟಿಪ್ಪಣಿಯು ಕೆಟ್ಟ ಉಪಕರಣದಲ್ಲಿಯೂ ಬದುಕಿಕೊಂಡಿತು.

ಪ್ರಮಾಣಕ್ರಮಕ್ಕೂ ಮಿತಿಯುಂಟೆಂಬುದನ್ನು ಮರೆಯಲಾಗದು. ಕೆಪ್ಯಾಸಿಟರು ಒಳಗೇ ಸೋರತೊಡಗಿದರೆ ದೀರ್ಘಕಾಲಗಳು ಹೆಚ್ಚಾಗಿ ಹಿಗ್ಗಿ ಪ್ರಮಾಣವೇ ತಪ್ಪುತ್ತದೆ. ಎರಡು ಸ್ಥಾನಗಳ ಕಾಲವನ್ನು ಅಳೆದು ಹೋಲಿಸಿದರೆ ಈ ದೋಷವನ್ನು ಮೊದಲಿನದರಿಂದ ಬೇರ್ಪಡಿಸಬಹುದು. ತಂತಿಯ ದೀಪವು ಪೂರ್ಣ ಪ್ರಕಾಶಕ್ಕೆ ಬರಲು ಕೊಂಚ ಹೊತ್ತು ಬೇಕು. ಅಲ್ಪಕಾಲಗಳಲ್ಲಿ ಆ ನಷ್ಟವು ದೊಡ್ಡ ಪಾಲಾಗುತ್ತದೆ. ಶೀತದೀಪದ ನಳಿಗೆಯ ಪ್ರಕಾಶವು ಅದರ ಉಷ್ಣತೆಯೊಡನೆ ಏರಿಳಿಯುವುದರಿಂದ ಅಲ್ಲಿ ಕಾಲವನ್ನಳೆದರೆ ಸಾಲದು. ದ್ಯುತಿಕೋಶದಿಂದ ಬೆಳಕನ್ನೇ ಅಳೆಯಬೇಕು. ಕಡೆಗೆ ಒಣಗಿದ ಕಾಗದದ ಮೇಲೆ ತೀರ್ಪು ಹೇಳತಕ್ಕದ್ದು ಕಣ್ಣೇ ಎಂಬ ಆಡಮ್ಸನ ನಿಲುಮೆಯನ್ನು ಯಾವ ಯಂತ್ರವೂ ಅಲುಗಿಸಲಾರದು.

ಆದುದರಿಂದ ‘ದಿ ಪ್ರಿಂಟ್’ ಗ್ರಂಥದ ದೋಷವು ದೃಷ್ಟಿಯದಲ್ಲ, ಲಿಪಿಯದು. ಮುದ್ರಣವು ವಾದನವೆಂದು ಸಾರಿದ ಗ್ರಂಥವು ವಾದಕನ ಟಿಪ್ಪಣಿಗೆ ಸಂಗೀತದ ಪ್ರಮಾಣಭಾಷೆಯನ್ನು ಕೊಡದೆ ಗಡಿಯಾರದ ಭಾಷೆಯನ್ನು ಕೊಟ್ಟಿತು. ಬೋಧಕರು ಇದನ್ನು ಪಾಠಹೇಳುವಾಗ ಉಪಮೆಯನ್ನು ಹಾಗೆಯೇ ಉಳಿಸಿಕೊಂಡು, ಸೆಕೆಂಡುಗಳ ಬಳಿ ಸ್ಟಾಪುಗಳನ್ನೂ ಗುರುತಿಸಿದರೆ, ಗ್ರಂಥಕರ್ತನ ಆಶಯಕ್ಕೆ ನ್ಯಾಯ ಸಲ್ಲಿಸಿದಂತಾಗುವುದು.