ತಟ್ಟೆಯಲ್ಲಿ ಗೆದ್ದ ಸೊಪ್ಪು

ಹಲ್ಲಿನ ಪಾಚಿ ಕಟ್ಟುವ ಬ್ಯಾಕ್ಟೀರಿಯಾಗಳ ಮೇಲೆ ಸಸ್ಯಸಾರ ಪರೀಕ್ಷಿಸುವ ಕೆಲಸಕ್ಕೆ ನಮ್ಮಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ದೊಡ್ಡದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಬೇವು, ಜಾಲಿ, ಉತ್ತರಾಣಿಗೆ ಹುಡುಕಾಡಬೇಕಿಲ್ಲ. ಹೊಲದ ಬದುವಿನಲ್ಲೇ ಇವೆ. ಎಲೆ ಒಣಗಿಸಿ, ಪುಡಿ ಮಾಡಿ, ಮೆಥನಾಲಿನಲ್ಲಿ ಸಾರ ಇಳಿಸಿ, ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಬೆಳೆಸಿದ ತಟ್ಟೆಗೆ ಹಾಕಿದರೆ ಪ್ರಬಂಧ ಮುಗಿಯಿತು. ಈ ಗಿಡದಿಂದ ಹಲ್ಲುಪುಡಿ ತಯಾರಿಸಬಹುದು ಎಂಬ ಕೊನೆಯ ಸಾಲಂತೂ ಎಲೆ ಕೀಳುವ ಮೊದಲೇ ಸಿದ್ಧವಿರುತ್ತದೆ.

1924ರಲ್ಲಿ ಕ್ಲಾರ್ಕ್ ಎಂಬ ಸಂಶೋಧಕ ಈ ಮ್ಯೂಟನ್ಸ್ ಜೀವಿಯನ್ನು ಹುಳುಕು ಹಲ್ಲಿನಿಂದ ಬೇರ್ಪಡಿಸಿದ್ದು, ಅದು ಸಕ್ಕರೆಯಿಂದ ಅಂಟು ತಯಾರಿಸಿ ಹಲ್ಲಿಗೆ ಕಚ್ಚಿಕೊಳ್ಳುವುದು ಗೊತ್ತಿರುವ ಸಂಗತಿಗಳೇ. ನನ್ನ ತಕರಾರು ಇರುವುದು ಒಂದೇ ವಿಧಾನದ ಮೇಲೆ: ಅಗಾರ್ ತಟ್ಟೆಯ ಗುಳಿ ಪರೀಕ್ಷೆ.

ಬ್ಯಾಕ್ಟೀರಿಯಾ ಸವರಿದ ಅಗಾರ್ ಎಂಬ ಗಟ್ಟಿ ಲೋಳೆಯಲ್ಲಿ ಗುಳಿ ಕೊರೆದು ಸಾರ ತುಂಬಿ, ಒಂದು ಹಗಲು ಒಂದು ರಾತ್ರಿ ಬೆಚ್ಚಗಿಡುತ್ತಾರೆ. ಗುಳಿಯ ಸುತ್ತ ಬೆಳವಣಿಗೆಯಿಲ್ಲದ ಬೋಳು ವೃತ್ತ ಮೂಡಿದರೆ ಅದರ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಈ ಅಳತೆ ಸಾರದ ಶಕ್ತಿಯೊಂದನ್ನೇ ಹೇಳುವುದಿಲ್ಲ. ಅದು ಅಗಾರಿನೊಳಗೆ ಎಷ್ಟು ಸಲೀಸಾಗಿ ಹರಡಿತು ಎಂಬುದೂ ಅದರಲ್ಲೇ ಸೇರಿಹೋಗಿದೆ. ಅಗಾರಿನ ದಪ್ಪ, ಗುಳಿಗೆ ಹಾಕಿದ ಪ್ರಮಾಣ, ಕರಗಿಸಿದ ದ್ರಾವಕ, ಯಾವುದು ಬದಲಾದರೂ ವೃತ್ತ ಬದಲಾಗುತ್ತದೆ.

ಇನ್ನು ಹೋಲಿಕೆಯ ಲೆಕ್ಕ. ಸಾರದ ಪಕ್ಕದ ಗುಳಿಯಲ್ಲಿ ಹೋಲಿಕೆಗೆಂದು ಬಾಯಿ ಮುಕ್ಕಳಿಸುವ ಔಷಧ ಕ್ಲೋರ್‌ಹೆಕ್ಸಿಡೀನ್ ಇರುತ್ತದೆ. ಶೇ. 0.2ರ ದ್ರಾವಣವೆಂದರೆ ಮಿಲಿಲೀಟರಿಗೆ 2 ಮಿಲಿಗ್ರಾಂ. ಸಾರವನ್ನು ಮಿಲಿಲೀಟರಿಗೆ 100 ಮಿಲಿಗ್ರಾಂ ಇಟ್ಟು ಎರಡೂ ಸಮಬಲವೆಂದರೆ, 50 ಪಟ್ಟು ಹೆಚ್ಚು ಸರಕು ಬಳಸಿದ್ದನ್ನು ಮರೆಮಾಚಿದಂತೆ. ಸಾರದಲ್ಲಿ ಹಲವು ಪದಾರ್ಥಗಳಿರುತ್ತವೆ ಎಂಬ ಸಮಜಾಯಿಷಿ ನಿಜವೇ; ಹಾಗಿದ್ದಲ್ಲಿ ಗೆಲುವಿನ ಮಾತೂ ಬೇಡ.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ದಿನಕ್ಕೆರಡು ಬಾರಿ ಕ್ಲೋರ್‌ಹೆಕ್ಸಿಡೀನಿನಿಂದ ಬಾಯಿ ಮುಕ್ಕಳಿಸಿದರೆ ಬ್ರಷ್ ಮುಟ್ಟದಿದ್ದರೂ ಪಾಚಿ ಕಟ್ಟುವುದಿಲ್ಲವೆಂದು ಹರಾಲ್ಡ್ ಲೋ ಮತ್ತು ಸಂಗಡಿಗರು 1970ರಲ್ಲಿ ತೋರಿಸಿದರು. ಅದರ ಗುಟ್ಟು ಅಂಟುವ ಗುಣದಲ್ಲಿದೆ. ಧನ ವಿದ್ಯುದಂಶವುಳ್ಳ ಆ ಅಣು ಹಲ್ಲಿಗೂ ಬಾಯಿಯ ಒಳಪೊರೆಗೂ ಹತ್ತಿಕೊಂಡು ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅದೇ ಗುಣದಿಂದ ಅದು ಅಗಾರಿಗೂ ಅಂಟುತ್ತದೆ, ದೂರ ಹರಡುವುದಿಲ್ಲ. ಬಾಯಲ್ಲಿ ಅದನ್ನು ಗೆಲ್ಲಿಸುವ ಗುಣವೇ ತಟ್ಟೆಯಲ್ಲಿ ಅದಕ್ಕೆ ಕಡಿಮೆ ಅಂಕ ಕೊಡಿಸುತ್ತದೆ. ಸಲೀಸಾಗಿ ಹರಡುವ ಸಾರ ತಟ್ಟೆಯಲ್ಲಿ ಮೆರೆದರೂ ಬಾಯಲ್ಲಿ ಎಂಜಲಿನ ಜೊತೆ ಹೊಟ್ಟೆಗೆ ಇಳಿದುಹೋಗಬಹುದು.

ಸಸ್ಯಗಳ ಹುಡುಕಾಟವೇ ವ್ಯರ್ಥ ಎನ್ನುತ್ತಿಲ್ಲ. ಕ್ಲೋರ್‌ಹೆಕ್ಸಿಡೀನ್ ಹಲ್ಲಿಗೆ ಕಂದು ಕಲೆ ಹಚ್ಚುತ್ತದೆ, ನಾಲಗೆಯ ರುಚಿ ಕೆಡಿಸುತ್ತದೆ, ಬದಲಿ ಬೇಕೇಬೇಕು. ಮಣಿಪಾಲದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇವಿನೆಲೆಯ ಜೆಲ್ಲನ್ನು ಆರು ವಾರ ಮನುಷ್ಯರ ಬಾಯಲ್ಲೇ ಪರೀಕ್ಷಿಸಿ, ಪಾಚಿ ತಗ್ಗಿದ್ದನ್ನು ದಾಖಲಿಸಿದರು. ಸಣ್ಣ ಅಧ್ಯಯನವಾದರೂ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತು.

ಇಲ್ಲಿ ಇಬ್ಬರೊಡನೆ ಜಗಳ ಉಳಿದಿದೆ. ಅಜ್ಜಂದಿರ ಬೇವಿನ ಕಡ್ಡಿಯನ್ನು ವಿಜ್ಞಾನ ಒಪ್ಪಿತು ಎಂದು ಬೀಗುವ ಪರಂಪರೆಯ ವಕೀಲರು ಮೊದಲನೆಯವರು. ಅಜ್ಜ ಮೆಥನಾಲಿನಲ್ಲಿ ಇಳಿಸಿದ ಎಲೆಯ ಸಾರ ಮುಕ್ಕಳಿಸಲಿಲ್ಲ; ಕಡ್ಡಿ ಜಗಿದು, ನಾರು ಬಿಡಿಸಿ, ತಿಕ್ಕಿದ. ತಿಕ್ಕಿದಾಗ ಪಾಚಿ ಕೀಳುತ್ತದೆ. ಆ ತಿಕ್ಕುವಿಕೆಯ ಪುಣ್ಯವನ್ನು ಸಾರದ ಖಾತೆಗೆ ಬರೆಯುವುದು ಅಜ್ಜನಿಗೂ ಅನ್ಯಾಯ.

ಎರಡನೆಯವರು ರಿಯಾಯಿತಿಯ ವಿಮರ್ಶಕರು. ಹಿಂದುಳಿದ ಸೀಮೆ, ಪ್ರಯೋಗಾಲಯದಲ್ಲಿ ಸೌಕರ್ಯವಿಲ್ಲ, ಮಾಡಿದ್ದೇ ಹೆಚ್ಚು ಎನ್ನುತ್ತಾರೆ. ಈ ಕರುಣೆ ಕಲ್ಯಾಣ ಕರ್ನಾಟಕಕ್ಕೆ ಮಾಡುವ ಅವಮಾನ. ಸಕ್ಕರೆ ಬೆರೆಸಿದ ದ್ರವದಲ್ಲಿ ಮ್ಯೂಟನ್ಸ್ ಬೆಳೆಸಿದರೆ ಅದು ಗಾಜಿನ ನಳಿಕೆಯ ಗೋಡೆಗೆ ಅಂಟುತ್ತದೆ. ಸಾರ ಆ ಅಂಟನ್ನು ತಡೆಯಿತೇ, ಎರಡು ನಿಮಿಷ ತಾಗಿಸಿ ತೊಳೆದ ಮೇಲೂ ತಡೆಯಿತೇ ಎಂದು ನೋಡಲು ನಳಿಕೆ, ಸಕ್ಕರೆ, ಕ್ರಿಸ್ಟಲ್ ವಯೊಲೆಟ್ ಬಣ್ಣ ಸಾಕು. ಕೊರತೆ ಇರುವುದು ಉಪಕರಣದ್ದಲ್ಲ, ಪ್ರಶ್ನೆಯದು.

ಮಾರ್ಗದರ್ಶಕರು ಇಷ್ಟು ಮಾಡಲಿ: ಬರೀ ವೃತ್ತ ಅಳೆದ ಪ್ರಬಂಧಕ್ಕೆ ಸಹಿ ಹಾಕದಿರಲಿ. ಅಲ್ಲಿಯವರೆಗೆ ಈ ಸೊಪ್ಪುಗಳು ಗೆದ್ದಿರುವುದು ತಟ್ಟೆಯಲ್ಲಿ ಮಾತ್ರ, ಬಾಯಲ್ಲಲ್ಲ.